ಭಾಷಣ ಬೇಡ, ಶನಿವಾರ ಬನ್ನಿ

ಜೂನ್ ಬಂತೆಂದರೆ ನಮ್ಮ ಸ್ವಯಂಸೇವಕರ ವಾಟ್ಸಾಪ್ ಗ್ರೂಪ್ ತುಂಬಿಹೋಗುತ್ತದೆ. ಸರ್ಕಾರಿ ಹಾಸ್ಟೆಲಿನ ಎಂಟರಿಂದ ಹತ್ತನೇ ತರಗತಿ ಮಕ್ಕಳ ಜೊತೆ ಶನಿವಾರ ಎರಡು ಗಂಟೆ ಕೂರಲು ಜನ ಬೇಕು ಎಂದರೆ ಬೆಂಗಳೂರಿನಲ್ಲಿ ಬರವೇ ಇಲ್ಲ. ಕಂಪನಿಗಳಲ್ಲಿ ಸಮಾಜಸೇವೆಗೆಂದೇ ಸಿಎಸ್‌ಆರ್ ವಿಭಾಗ ಬಂದ ಮೇಲಂತೂ ಇನ್ನೂ ಜಾಸ್ತಿ. ಗಣೇಶನ ಹಬ್ಬ ಮುಗಿಯುವಷ್ಟರಲ್ಲಿ ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಮೆಸೇಜು. ದಸರಾ ರಜೆ ಕಳೆದ ಮೇಲೂ ಹಾಸ್ಟೆಲಿನ ಗೇಟು ದಾಟಿ ಬರುವವರು ಯಾರೋ, ಅವರೇ ನಮ್ಮವರು.

ಈ ಸ್ವಯಂಸೇವಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅರ್ಜಿ, ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಶನ್, ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬಾರದು ಎಂಬ ನಿಯಮ, ಇವೆಲ್ಲ ಮೊದಲೇ ಆಗಿರಬೇಕು. ಅದನ್ನು ಇಲ್ಲಿ ಬರೆಯುವುದಿಲ್ಲ. ವರ್ಷವರ್ಷವೂ ಎಷ್ಟು ಹೇಳಿದರೂ ತಲೆಗೆ ಹೋಗದ ಮಾತು ಒಂದೇ. ನೀವು ಏನು ಹೇಳುತ್ತೀರಿ ಅನ್ನುವುದಕ್ಕಿಂತ ಬರುತ್ತೇನೆ ಎಂದ ದಿನ ಬರುತ್ತೀರಾ ಅನ್ನುವುದು ದೊಡ್ಡದು.

'ಸರ್, ನಾನು ಮಕ್ಕಳನ್ನ ಮೋಟಿವೇಟ್ ಮಾಡ್ತೀನಿ' ಎಂದು ಬರುವವರೇ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಸ್ಲೈಡು ರೆಡಿ. ಮೊದಲ ಪ್ರಶ್ನೆ, ದೊಡ್ಡವನಾದ ಮೇಲೆ ಏನಾಗ್ತೀಯ? ಹುಡುಗ ಥಟ್ಟಂತ 'ಐಎಎಸ್' ಅನ್ನುತ್ತಾನೆ. ಬಂದ ಅತಿಥಿಗಳಿಗೆ ಯಾವ ಉತ್ತರ ಖುಷಿ ಕೊಡುತ್ತದೆ ಎಂದು ಆ ಮಕ್ಕಳು ಐದನೇ ಕ್ಲಾಸಿನಲ್ಲೇ ಕಲಿತಿರುತ್ತಾರೆ. ಅದರ ಬದಲು ಮಧ್ಯಾಹ್ನ ಊಟಕ್ಕೆ ಏನಿತ್ತು ಎಂದು ಕೇಳಿ ನೋಡಿ. ಸಾರು ನೀರಾಗಿತ್ತು, ಮುದ್ದೆ ಗಂಟಾಗಿತ್ತು, ಅಡುಗೆಯ ಅಕ್ಕ ರಜೆ ಹಾಕಿದ್ದಾರೆ, ಅವರ ಮಗಳ ಮದುವೆ. ಹೀಗೆ ಕಾಲು ಗಂಟೆ ಮಾತು ತಾನಾಗೇ ಬರುತ್ತದೆ.

ಐಟಿಯವರು ಡೇಟಾ ಇದೆಯಾ ಎಂದು ಕೇಳದೆ ಬಿಡುವುದಿಲ್ಲ. ಇದೆ. ಅಮೆರಿಕದಲ್ಲಿ ಒಂದೊಂದು ಮಗುವಿಗೂ ಒಬ್ಬ ಸ್ವಯಂಸೇವಕರನ್ನು ಜೊತೆ ಮಾಡುವ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಹಳೆಯ ಸಂಸ್ಥೆ ಇದೆ, ಶುರುವಾದದ್ದು 1904ರಲ್ಲಿ. ಅಲ್ಲಿ ಸೇರಿದ ಮಕ್ಕಳ ಮಾಹಿತಿಯನ್ನು ಇಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ (ಇಬ್ಬರೂ ಜೀನ್!) 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಜೊತೆಗಿದ್ದ ಜೋಡಿಗಳಲ್ಲಿ ಮಕ್ಕಳಿಗೆ ಅತಿ ಹೆಚ್ಚು ಲಾಭ ಕಂಡಿತು. ಜೊತೆ ಬೇಗ ಮುಗಿದಷ್ಟೂ ಲಾಭ ಕಡಿಮೆ. ತೀರಾ ಬೇಗ ಮುರಿದುಬಿದ್ದ ಕಡೆ ಕೆಲವು ವಿಷಯಗಳಲ್ಲಿ ಮಕ್ಕಳ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ಇನ್ನೊಮ್ಮೆ ಓದಿ. ಲಾಭ ಆಗಲಿಲ್ಲ ಅಷ್ಟೇ ಅಲ್ಲ, ನಷ್ಟವೇ ಆಯಿತು. ಅದೇ ಸಂಸ್ಥೆಯ ಜೋಡಿಗಳನ್ನು ನೋಡಿದ ಇನ್ನಿಬ್ಬರು ಸಂಶೋಧಕರ 1995ರ ವರದಿಯೂ ಇದೆ. ಮಗುವನ್ನು ತಿದ್ದಲೇಬೇಕು ಎಂದು ಹೊರಟವರ ಸಂಬಂಧ ಹೆಚ್ಚಾಗಿ ಬಾಳಲಿಲ್ಲ. ಮಗುವಿನ ದಾರಿಯಲ್ಲಿ ಜೊತೆಗೆ ಹೆಜ್ಜೆ ಹಾಕಿದವರದು ಬಾಳಿತು.

ಅದು ಅಮೆರಿಕ, ಅಲ್ಲಿ ಒಂದು ಮಗುವಿಗೆ ಒಬ್ಬರು. ನಮ್ಮಲ್ಲಿ ಒಬ್ಬರ ಸುತ್ತ ಐದಾರು ಮಕ್ಕಳು ಕೂರುತ್ತಾರೆ. ಹಾಗಾಗಿ ಅಲ್ಲಿನ ಲೆಕ್ಕ ಇಲ್ಲಿಗೆ ಪೂರ್ತಿ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಶನಿವಾರ ಮೂರು ಗಂಟೆಗೆ ಹಾಸ್ಟೆಲಿನ ಕಾಂಪೌಂಡ್ ಮೇಲೆ ತಲೆ ಬಾಚಿ, ಮುಖಕ್ಕೆ ಪೌಡರ್ ಹಾಕಿಕೊಂಡು ಕೂತ ಹುಡುಗನನ್ನು ನೋಡಿದವರಿಗೆ ಅಧ್ಯಯನ ಬೇಕಾಗುವುದಿಲ್ಲ. ಅವನ ಅಪ್ಪ ಬರುತ್ತೇನೆ ಎಂದು ಹೇಳಿ ಬಾರದೇ ಇದ್ದದ್ದೂ ಇರಬಹುದು. ಆ ಪಟ್ಟಿಗೆ ನಿಮ್ಮ ಹೆಸರು ಸೇರಬೇಕಾ?

'ಒಂದು ವಾರ ತಪ್ಪಿದ್ರೆ ಏನಾಯ್ತು, ಮುಂದಿನ ವಾರ ನಾಲ್ಕು ಗಂಟೆ ಕೂರ್ತೀನಿ' ಅನ್ನುತ್ತಾರೆ. ಆಗುವುದಿಲ್ಲ. ಇದು ಓವರ್‌ಟೈಮ್ ಅಲ್ಲ. 'ನನ್ನ ಬದಲು ಫ್ರೆಂಡ್ ಬರ್ತಾನೆ' ಅನ್ನುತ್ತಾರೆ. ಅದೂ ಆಗುವುದಿಲ್ಲ, ಆ ಹುಡುಗ ಕಾಯುತ್ತಿರುವುದು ನಿಮ್ಮನ್ನು. ಹೊರಡುವ ಹೊತ್ತಿಗೆ 'ಸಾರಿ, ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ' ಎಂದು ಮೆಸೇಜು ಹಾಕುತ್ತಾರೆ. ಅದು ಬರುವುದು ನನ್ನ ಫೋನಿಗೆ. ಕಾಂಪೌಂಡ್ ಮೇಲೆ ಕೂತವನಿಗೆ ಫೋನೇ ಇಲ್ಲ.

ಅದಕ್ಕೇ ನಮ್ಮ ತರಬೇತಿ ಕ್ಯಾಲೆಂಡರಿನಿಂದ ಶುರುವಾಗುತ್ತದೆ. ಎಲ್ಲರ ಕೈಗೂ ಒಂದೊಂದು ಕ್ಯಾಲೆಂಡರ್, ಒಂದು ಕೆಂಪು ಪೆನ್ನು. ಬರಲಾಗದ ಶನಿವಾರಗಳನ್ನು ಹೊಡೆದುಹಾಕಿ. ಹಬ್ಬಕ್ಕೆ ಊರಿಗೆ ಹೋಗುವುದು, ಅಪ್ರೈಸಲ್ ತಿಂಗಳು, ತಂಗಿಯ ಮದುವೆ, ಅತ್ತೆಯ ಕಣ್ಣಿನ ಆಪರೇಷನ್. ಹತ್ತು ನಿಮಿಷದಲ್ಲಿ ಮುಖಗಳು ಬದಲಾಗುತ್ತವೆ. ಎಲ್ಲ ವಾರವೂ ಬರುತ್ತೇನೆ ಎಂದವರಿಗೆ ತಿಂಗಳಿಗೆ ಎರಡೇ ಉಳಿದಿರುತ್ತವೆ. ಒಳ್ಳೆಯದು, ಎರಡನ್ನೇ ಹೇಳಿ. ಮಗುವಿಗೆ ಎರಡು ಸಾಕು, ಆ ಎರಡು ತಪ್ಪಬಾರದು. ಈ ಹಂತದಲ್ಲಿ ಕೆಲವರು ಸುಮ್ನೆ ಎದ್ದು ಹೋಗುತ್ತಾರೆ. ಸಂಸ್ಥೆಗಳು ಅವರನ್ನು ತಡೆಯಲು ಹೋಗಬಾರದು. ಅವರು ಸೆಪ್ಟೆಂಬರಿನಲ್ಲಿ ಹೋಗುವುದಕ್ಕಿಂತ ಜೂನಿನಲ್ಲಿ ಹೋಗುವುದು ಎಷ್ಟೋ ವಾಸಿ.

ಲೆಕ್ಕಪತ್ರದ ಕೆಲಸದಲ್ಲಿದ್ದ ಒಬ್ಬ ಮೇಡಂ ಇದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಾತು ಬಹಳ ಕಡಿಮೆ. 'ನನ್ನಿಂದ ಏನೂ ಉಪಯೋಗ ಇಲ್ಲ, ಸುಮ್ನೆ ಕೂತು ಎದ್ದು ಬರ್ತೀನಿ' ಎಂದು ಗೊಣಗುತ್ತಿದ್ದರು. ಎರಡನೇ, ನಾಲ್ಕನೇ ಶನಿವಾರ ಮಾತ್ರ ತಪ್ಪುತ್ತಿರಲಿಲ್ಲ. ಹುಡುಗಿಯರು ಅವರ ಪಕ್ಕ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು, ಜಡೆ ಹಾಕಿಸಿಕೊಳ್ಳುತ್ತಿದ್ದರು. ಎರಡನೇ ವರ್ಷ, ಹತ್ತನೇ ಕ್ಲಾಸಿನ ಒಬ್ಬಳು ನೋಟ್ಸಿನಿಂದ ತಲೆ ಎತ್ತದೆ, 'ಅಕ್ಕ, ಪರೀಕ್ಷೆ ಆದ್ಮೇಲೆ ಮನೇಲಿ ಮದುವೆ ಮಾಡ್ತಾರಂತೆ' ಅಂದಳು. ಎಷ್ಟೋ ಜನ ಬಂದು ಭಾಷಣ ಮಾಡಿ ಹೋಗಿದ್ದರು. ಅವಳು ಯಾರಿಗೂ ಹೇಳಿರಲಿಲ್ಲ.

ಮೇಡಂ ಮಾಡಿದ್ದು ತರಬೇತಿಯಲ್ಲಿ ಹೇಳಿದ್ದನ್ನೇ. ಗಾಬರಿ ತೋರಿಸಲಿಲ್ಲ. ಯಾರಿಗೂ ಹೇಳಲ್ಲ ಎಂದು ಆಣೆ ಹಾಕಲಿಲ್ಲ. ಹುಡುಗಿಯ ಮನೆಗೆ ಫೋನ್ ಮಾಡಿ ಜಗಳಕ್ಕೂ ಇಳಿಯಲಿಲ್ಲ. 'ಇದನ್ನ ನಾನೊಬ್ಬಳೇ ಇಟ್ಕೊಳ್ಳೋಕೆ ಆಗಲ್ಲಮ್ಮ, ನಿನಗೆ ಸಹಾಯ ಮಾಡೋರಿಗೆ ಹೇಳ್ತೀನಿ' ಎಂದು ಅವಳಿಗೇ ತಿಳಿಸಿ, ಅದೇ ಸಂಜೆ ನಮ್ಮ ಸಂಯೋಜಕರಿಗೆ ಹೇಳಿದರು. ಮುಂದಿನದನ್ನು ವಾರ್ಡನ್ ಮತ್ತು ಮಕ್ಕಳ ರಕ್ಷಣಾ ಅಧಿಕಾರಿಗಳು ನೋಡಿಕೊಂಡರು. ಹುಡುಗಿ ಪಿಯುಸಿಗೆ ಸೇರಿದಳು. ಪ್ರತಿ ಸಲವೂ ಹೀಗೇ ಆಗುತ್ತದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ.

ಗುಟ್ಟಿನ ವಿಷಯದಲ್ಲಿ ಇನ್ನೊಂದು ಮಾತು. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ ಶಿಕ್ಷೆ ಇದೆ. ನಾನು ವಕೀಲನಲ್ಲ, ನಿಮ್ಮ ಸಂಸ್ಥೆಯಲ್ಲಿ ಯಾರು, ಹೇಗೆ ತಿಳಿಸಬೇಕು ಎಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ರ ನಂಬರು ಫೋನಿನಲ್ಲಿರಲಿ. ಮಕ್ಕಳ ಜೊತೆ ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕುವುದು ಮಾತ್ರ ಬೇಡವೇ ಬೇಡ.

ಬಿಟ್ಟು ಹೋಗುವ ದಿನ ಎಲ್ಲರಿಗೂ ಬರುತ್ತದೆ. ಕೆಲಸ ಬದಲಾಗುತ್ತದೆ, ಪುಣೆಗೆ ವರ್ಗ, ಮನೆಯಲ್ಲಿ ಕೂಸು. ತಪ್ಪೇನಿಲ್ಲ. ಆದರೆ ಒಂದು ತಿಂಗಳು ಮೊದಲೇ ಮಗುವಿಗೆ ನೀವೇ ಹೇಳಿ, ನಮ್ಮ ಬಾಯಲ್ಲಿ ಹೇಳಿಸಬೇಡಿ. ಯಾಕೆ ಹೋಗುತ್ತಿದ್ದೀರಿ ಎಂಬ ಕಾರಣವೂ ಗೊತ್ತಾಗಲಿ. ಇಲ್ಲದಿದ್ದರೆ ತನ್ನಿಂದಲೇ ಏನೋ ತಪ್ಪಾಯಿತು ಎಂದು ಅದು ಅಂದುಕೊಳ್ಳುತ್ತದೆ. ಕೊನೆಯ ಭೇಟಿ ಯಾವತ್ತು ಎಂಬ ತಾರೀಖು ಕೊಡಿ. 'ಆಗಾಗ ಬರ್ತಾ ಇರ್ತೀನಿ' ಎಂದು ಮಾತ್ರ ಹೇಳಬೇಡಿ, ಬರುವುದಿಲ್ಲ ಎಂದು ನಿಮಗೂ ಗೊತ್ತು. ಎಸ್‌ಎಸ್‌ಎಲ್‌ಸಿ ಮಕ್ಕಳ ಜೊತೆಗಿದ್ದರೆ, ಆದಷ್ಟು ಮಟ್ಟಿಗೆ ಪರೀಕ್ಷೆ ಮುಗಿಯುವ ತನಕ ಇದ್ದು ಹೋಗಿ.