ಬಾಯಿ ಬಿಡದವರಿಗೆ ಒಂದು ಇಂಗ್ಲಿಷ್ ಪದ

ಕಳೆದ ತಿಂಗಳು ಒಬ್ಬ ತಾಯಿ ಮಗಳ ಪ್ರಗತಿ ಪತ್ರ ಹಿಡಿದು ಕಲಬುರಗಿಯ ನಮ್ಮ ಇಂಗ್ಲಿಷ್ ಕ್ಲಾಸಿಗೆ ಬಂದರು. ಹುಡುಗಿ 'ರೆಟಿಸೆಂಟ್' ಎಂದು ಶಾಲೆಯವರು ಬರೆದಿದ್ದರು. "ಏನ್ರಿ ಸರ ಇದರ ಅರ್ಥ? ಮನ್ಯಾಗ ಆಕಿ ಬಾಯಿಗೆ ಬಿಡುವೇ ಇಲ್ರಿ" ಎಂದರು.

ನಮ್ಮ ಮಕ್ಕಳು ಇದನ್ನು 'ಮಿತಭಾಷಿ' ಎಂದು ಬಾಯಿಪಾಠ ಮಾಡಿರುತ್ತಾರೆ. ಅದು ಅರ್ಧ ಸರಿ. ಸ್ವಭಾವದಿಂದಲೇ ಕಡಿಮೆ ಮಾತಾಡುವವರಿಗೆ 'ಟ್ಯಾಸಿಟರ್ನ್' ಎಂಬ ಪದವಿದೆ. ಎರಡೂ ಪದಗಳ ಬೇರು ಲ್ಯಾಟಿನ್‌ನ 'ಟಕೇರೆ', ಅಂದರೆ ಸುಮ್ಮನಿರು. ಆದರೆ ರೆಟಿಸೆಂಟ್ ಎಂದಾಗ ಏನನ್ನೋ ಒಳಗೇ ಇಟ್ಟುಕೊಂಡಿದ್ದಾರೆ ಎಂದರ್ಥ.

ಇಲ್ಲಿನ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ದಲ್ಲಾಳಿಯ ಅಡತಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ. ತೊಗರಿ ತಂದ ರೈತ ಮಳೆ, ನೆಟೆ ರೋಗ, ರೇಟು, ಮಗಳ ಮದುವೆ ಎಲ್ಲ ಮಾತಾಡುತ್ತಾನೆ. ಸಾಲ ಎಷ್ಟಾಗಿದೆ ಎಂದು ಕೇಳಿ. ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು "ಇರ್ಲಿ ಬಿಡ್ರಿ" ಎನ್ನುತ್ತಾನೆ. ಇಷ್ಟು ಮಾತಾಡುವವನು ಟ್ಯಾಸಿಟರ್ನ್ ಹೇಗಾದಾನು? ಸಾಲದ ವಿಷಯಕ್ಕೆ ಮಾತ್ರ ಅವನು ರೆಟಿಸೆಂಟ್. ನಾವು 'ಬಾಯಿ ಬಿಡಲ್ಲ' ಅಂತೀವಲ್ಲ, ಅದೇ. 'ಗುಮ್ಮನಗುಸುಕ' ಎನ್ನಬೇಡಿ, ಅದರಲ್ಲಿ ಬೈಗುಳವಿದೆ. ರೆಟಿಸೆಂಟ್‌ನಲ್ಲಿ ಅದಿಲ್ಲ.

ಯಾವ ವಿಷಯಕ್ಕೆ ಎಂದು ಹೇಳಲು 'ಅಬೌಟ್' ಸೇರಿಸಬೇಕು: 'ಹಿ ಈಸ್ ರೆಟಿಸೆಂಟ್ ಅಬೌಟ್ ಹಿಸ್ ಲೋನ್ಸ್'. 'ರೆಟಿಸೆಂಟ್ ಟು ಗೋ' ಎಂದು ಈಗ ಜಾಸ್ತಿ ಜನ ಬರೆಯುತ್ತಾರೆ. ಹೋಗಲು ಮನಸ್ಸಿಲ್ಲ ಎನ್ನಲು 'ರಿಲಕ್ಟೆಂಟ್' ಇದೆ, ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಉಚ್ಚಾರದಲ್ಲಿ ಒತ್ತು ಮೊದಲ 'ರೆ' ಮೇಲೆ. ಇನ್ನು, ಇಂಟರ್‌ವ್ಯೂನಲ್ಲಿ 'ಐ ಆಮ್ ರೆಟಿಸೆಂಟ್' ಎಂದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡಾರು. ಅಲ್ಲಿ 'ರಿಸರ್ವ್ಡ್' ಸಾಕು.

ಆ ಹುಡುಗಿಯನ್ನೇ ಕೂರಿಸಿಕೊಂಡು ಕೇಳಿದೆ. ಒಮ್ಮೆ ತರಗತಿಯಲ್ಲಿ ಇಂಗ್ಲಿಷ್ ತಪ್ಪಾಗಿ ಮಾತಾಡಿದಳಂತೆ. ಎಲ್ಲರೂ ನಕ್ಕರಂತೆ. ಅವತ್ತಿನಿಂದ ಅಲ್ಲಿ ಬಾಯಿ ತೆರೆದಿಲ್ಲ. ಇದಕ್ಕೂ ರೆಟಿಸೆಂಟ್ ಎನ್ನುವುದುಂಟು, ಆದರೆ ಅಷ್ಟರಿಂದ ಕಾರಣ ತಿಳಿಯುವುದಿಲ್ಲ. ರೆಟಿಸೆಂಟ್ ಎಂದರೆ ಸಾಮಾನ್ಯವಾಗಿ ಹೇಳಲು ಮನಸ್ಸಿಲ್ಲ ಎಂದುಕೊಳ್ಳುತ್ತಾರೆ. ಇವಳಿಗೆ ಹೇಳುವ ಆಸೆ ಬೇಕಾದಷ್ಟಿದೆ, ಹೆದರಿಕೆ ಬಿಡುತ್ತಿಲ್ಲ. ಆ ಪದ ಬರೆದವರು ಹುಡುಗಿಯನ್ನು ಒಂದು ಮಾತು ಕೇಳಬೇಕಿತ್ತು, ಅಲ್ವಾ? ಹೆದರಿಕೆಯನ್ನು ಸ್ವಭಾವ ಎಂದು ಬರೆದುಬಿಟ್ಟರೆ ಅದನ್ನು ಕಳೆಯುವ ಕೆಲಸ ಯಾರದೂ ಅಲ್ಲದಂತಾಗುತ್ತದೆ.

ಈಗ ಸಂಜೆ ನಮ್ಮಲ್ಲಿಗೆ ಬರುತ್ತಾಳೆ. ಮೊನ್ನೆ ಅಜ್ಜಿ ಜೋಳದ ರೊಟ್ಟಿ ಬಡಿಯುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾಲ್ಕೈದು ತಪ್ಪಿದ್ದವು. ಮುಗಿಸುವ ತನಕ ನಾನು ತಿದ್ದಲಿಲ್ಲ.