ಲೇಬಲ್ ತಪ್ಪಿದ ಫೈಲು

ಹೋಮ್ ಡೈರೆಕ್ಟರಿಯಲ್ಲಿ ಸಿದ್ಧಪಡಿಸಿದ ಪುಟವೊಂದನ್ನು ನಿರ್ವಾಹಕರು ‘ಎಂವಿ’ ಕಮಾಂಡ್ ಕೊಟ್ಟು ವೆಬ್ ಸರ್ವರ್‌ನ ಡೈರೆಕ್ಟರಿಗೆ ಸಾಗಿಸುತ್ತಾರೆ. ಎಲ್ಲರೂ ಓದಬಹುದೆಂಬ ಅನುಮತಿ ಅದಕ್ಕಿದೆ; ಆದರೂ ಬ್ರೌಸರ್‌ನಲ್ಲಿ ಕಾಣುವುದು 403 ಎಂಬ ನಿರಾಕರಣೆ. ಬೇಸತ್ತು, ಯಾರು ಏನು ಬೇಕಾದರೂ ಮಾಡಬಹುದೆನ್ನುವ 777 ಅನುಮತಿ ಕೊಟ್ಟರೂ ಫಲವಿಲ್ಲ. ರೆಡ್ ಹ್ಯಾಟ್, ಫೆಡೋರಾದಂಥ ಲಿನಕ್ಸ್ ಬಳಸುವ ಹಲವರಿಗೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಪರಿಚಯವಾಗುವುದೇ ಹೀಗೆ.

ಯುನಿಕ್ಸ್‌ನ ಹಳೆಯ ಪದ್ಧತಿಯಲ್ಲಿ ಫೈಲನ್ನು ಯಾರು ಓದಬೇಕೆಂದು ತೀರ್ಮಾನಿಸುವವನು ಅದರ ಒಡೆಯ. ಸರ್ವಾಧಿಕಾರದ ಖಾತೆಯಾದ ರೂಟ್‌ಗಂತೂ ಬಹುಮಟ್ಟಿಗೆ ತಡೆಯೇ ಇಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2000ರಲ್ಲಿ ಬಿಡುಗಡೆ ಮಾಡಿದ, 2003ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ ಎಸ್‌ಇಲಿನಕ್ಸ್ ಇದರ ಮೇಲೆ ಇನ್ನೊಂದು ಕಾವಲು ಹಾಕುತ್ತದೆ. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಪ್ರತಿ ಫೈಲಿಗೂ ಒಂದು ಲೇಬಲ್ ಇರುತ್ತದೆ. ಯಾವ ಲೇಬಲ್ ಯಾವುದನ್ನು ಮುಟ್ಟಬಹುದೆಂದು ಅದರ ನಿಯಮಗಳ ಪಟ್ಟಿಯಾದ ‘ನೀತಿ’ಯಲ್ಲಿ ಬರೆದಿರದಿದ್ದರೆ, ಒಡೆಯ ಒಪ್ಪಿದರೂ ಕರ್ನಲ್ ಒಪ್ಪುವುದಿಲ್ಲ. ಅಪಾಚೆ ಎಂಬ ವೆಬ್ ಸರ್ವರ್ ಓಡುವುದು ‘ಎಚ್‌ಟಿಟಿಪಿಡಿ_ಟಿ’ ಎಂಬ ಲೇಬಲ್‌ನಡಿ. ಅದು ಓದಬೇಕಾದ ಪುಟಗಳದ್ದು ‘ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ’.

‘ಸಿಪಿ’ಯಿಂದ ನಕಲು ಮಾಡಿದ ಫೈಲು ಸಾಮಾನ್ಯವಾಗಿ ಹೊಸ ಜಾಗದ ಲೇಬಲ್ ಪಡೆಯುತ್ತದೆ, ‘ಎಂವಿ’ಯಿಂದ ಬಂದದ್ದು ಹಳೆಯದನ್ನೇ ಹೊತ್ತು ತರುತ್ತದೆ. ನಮ್ಮ ಪುಟ ವೆಬ್ ಡೈರೆಕ್ಟರಿಯಲ್ಲಿ ಕುಳಿತಿದ್ದರೂ ಅದರ ಲೇಬಲ್ ಇನ್ನೂ ‘ಯೂಸರ್_ಹೋಮ್_ಟಿ’. ಇಂಥ ತಡೆಗಳು ದಾಖಲಾಗುವ ಆಡಿಟ್ ಲಾಗ್‌ನ ‘ಡಿನೈಡ್’ ಎಂಬ ಸಾಲಿನಲ್ಲಿ ಸರ್ವರ್‌ನ ಮತ್ತು ಪುಟದ ಲೇಬಲ್‌ಗಳೆರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಆ ಜಾಗಕ್ಕೆ ನೀತಿ ಹೇಳುವ ಲೇಬಲ್ಲನ್ನೇ ಹಚ್ಚುವ ‘ರಿಸ್ಟೋರ್‌ಕಾನ್’ ಕಮಾಂಡ್ ಕೊಟ್ಟರೆ ಸಾಕು, ಪುಟ ತೆರೆಯುತ್ತದೆ. ಸೈಟನ್ನು ‘/ಡೇಟಾ’ದಂಥ ನೀತಿಗೆ ಗೊತ್ತಿಲ್ಲದ ಜಾಗದಲ್ಲಿ ಇಡುವುದಾದರೆ ಮೊದಲು ‘ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ ಮೂಲಕ ಆ ಹಾದಿಯ ಲೇಬಲ್ ದಾಖಲಿಸಬೇಕು. ಹಾಗೆ ದಾಖಲಿಸದೆ ‘ಚ್‌ಕಾನ್’ ಕಮಾಂಡ್‌ನಿಂದ ಫೈಲಿಗೆ ನೇರವಾಗಿ ಹಚ್ಚಿದ ಲೇಬಲ್ ಮುಂದೆ ಎಂದಾದರೂ ‘ರಿಸ್ಟೋರ್‌ಕಾನ್’ ಓಡಿದಾಗ ಅಳಿಸಿಹೋಗಬಹುದು.

ಇಷ್ಟು ಮಾಡುವ ತಾಳ್ಮೆಯಿಲ್ಲದೆ ‘ಸೆಟ್‌ಎನ್‌ಫೋರ್ಸ್ 0’ ಎಂದು ಒತ್ತಿಬಿಡುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ: ಒಂದು ಫೈಲಿಗಾಗಿ ಎಲ್ಲ ಸರ್ವಿಸ್‌ಗಳ ಕಾವಲೂ ಸಡಿಲವಾಗುತ್ತದೆ. ದೋಷ ಹುಡುಕುವಾಗ ‘ಸೆಮ್ಯಾನೇಜ್ ಪರ್ಮಿಸಿವ್’ನಿಂದ ಆ ಒಂದು ಸರ್ವಿಸನ್ನಷ್ಟೇ ಸಡಿಲಿಸಬಹುದು, ಆಗ ತಡೆ ಇರುವುದಿಲ್ಲ, ದಾಖಲೆ ಮಾತ್ರ ಆಗುತ್ತಿರುತ್ತದೆ. ಲಾಗ್ ನೋಡಿ ನಿಯಮ ಬರೆದುಕೊಡುವ ‘ಆಡಿಟ್2ಅಲೋ’ ಬಗ್ಗೆ ನನಗೆ ಸ್ವಲ್ಪ ಭಯವೇ. ನಮ್ಮ ಪ್ರಕರಣದಲ್ಲಿ ಅದು ಬರೆಯುವ ನಿಯಮವನ್ನು ಓದದೆ ಸೇರಿಸಿದರೆ, ವೆಬ್ ಸರ್ವರ್ ಆ ಒಂದು ಪುಟವನ್ನಲ್ಲ, ‘ಯೂಸರ್_ಹೋಮ್_ಟಿ’ ಲೇಬಲ್ ಹೊತ್ತ ಎಲ್ಲರ ಮನೆಯ ಫೈಲುಗಳನ್ನೂ ಓದಲು ನೀತಿ ಒಪ್ಪಿಗೆ ಕೊಟ್ಟಂತಾಗುತ್ತದೆ.