ಅಡಿ ಬಡಿದ ಮಾರುತಿ 800: ಬಾಗಿದ ಚಾಸಿ ಪಟ್ಟಿ ಸೀದಾ ಆಗ್ತೈತೇನು?

ಪ್ರಶ್ನೆ: ನಂದು 2005ರ ಮಾರುತಿ 800, ಕೆಎ-26 ಪಾಸಿಂಗ್. ನರಗುಂದದ ಕಡೆ ಹೊಲದ ದಾರ್ಯಾಗ ಕಲ್ಲಿಗೆ ಅಡಿ ಬಡೀತು. ಆಮ್ಯಾಲೆ ಪಂಕ್ಚರ್ ಅಂಗಡ್ಯಾಗ ಅಲ್ಲೇ ಜಾಕ್ ಹಚ್ಚಿದ್ರು, ಕೆಳಗಿನ ಪಟ್ಟಿ ಇನ್ನಷ್ಟು ಒಳಗ ಹೋತು. ಈಗ ಗಾಡಿ ಎಡಕ್ಕ ಎಳೀತೈತಿ. ಒಬ್ಬ ಮಿಸ್ತ್ರಿ ಬಡದು ಸೀದಾ ಮಾಡ್ತೀನಿ ಅಂತಾನ, ಇನ್ನೊಬ್ಬ ಮ್ಯಾಲೊಂದು ಪತ್ರಾ ಹಚ್ಚಿ ವೆಲ್ಡಿಂಗ್ ಹೊಡಸ್ರಿ ಅಂತಾನ. ಯಾರ ಮಾತು ಕೇಳಬೇಕ್ರಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಪಟ್ಟಿ ಬರೀ ಬಾಗಿದೆಯೋ, ಜಂಗು (ತುಕ್ಕು) ತಿಂದು ಸೋತು ಬಾಗಿದೆಯೋ ಅಂತ ಯಾರೂ ನೋಡಿದಂತಿಲ್ಲ. ಬಾಗಿದ ಪತ್ರಾ ಎಳೆದರೆ ಬರುತ್ತದೆ, ಜಂಗು ತಿಂದದ್ದು ಎಳೆದರೆ ಹರಿಯುತ್ತದೆ. ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

800ರಲ್ಲಿ ಬೊಲೆರೊ, ಸುಮೋಗಳಿಗೆ ಇರುವಂಥ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಫ್ಲೋರ್ ಪತ್ರಾದ ಕೆಳಗೆ ಉದ್ದಕ್ಕೆ ಕಾಣುವ ಪಟ್ಟಿಗೆ ಮೂರೇ ಮೈ, ನಾಲ್ಕನೆಯದು ಫ್ಲೋರ್. ಸ್ಪಾಟ್ ವೆಲ್ಡಿಂಗ್‌ನಿಂದ (ಅಲ್ಲಲ್ಲಿ ಚುಕ್ಕಿಯಾಗಿ ಬೆಸೆಯುವುದರಿಂದ) ಎರಡೂ ಸೇರಿ ಒಂದು ಡಬ್ಬಿಯಾಗುತ್ತದೆ. ಖಾಲಿ ಬೆಂಕಿಪೊಟ್ಟಣದ ಹೊರಗವಚ ಒತ್ತಿ ನೋಡಿ: ಮೂಲೆಗಳು ನೆಟ್ಟಗಿರುವ ತನಕ ಗಟ್ಟಿ, ಒಂದು ಮೂಲೆ ಮಡಚಿತೋ ಇಡೀ ಪೊಟ್ಟಣ ಚಪ್ಪಟೆ. ಹಾಗಾಗಿ ಪಟ್ಟಿಯ ತಳದಲ್ಲಿ ಅರ್ಧ ಇಂಚು ತಗ್ಗು ಬಿದ್ದು ಎರಡೂ ಮೂಲೆ ನೆಟ್ಟಗಿದ್ದರೆ ಅದನ್ನು ಮುಟ್ಟಲೇಬೇಡಿ. ಬಣ್ಣ ಕಿತ್ತ ಜಾಗಕ್ಕೆ ಪ್ರೈಮರ್ ಹೊಡೆಸಿ ಬಿಡಿ. ಮೂಲೆ ಮಡಚಿದ್ದರೆ ಮಾತ್ರ ಎಳೆಸುವ ಕೆಲಸ.

ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ ಅಡಿ ಪೂರ್ತಿ ತೊಳೆಸಿ. ನರಗುಂದ, ನವಲಗುಂದದ ಎರೆ ಮಣ್ಣು ಒಮ್ಮೆ ಪಟ್ಟಿಯ ಸಂದಿಯಲ್ಲಿ ಮೆತ್ತಿಕೊಂಡರೆ ವಾರಗಟ್ಟಲೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ, ಜಂಗು ಶುರುವಾಗುವುದೇ ಅದರ ಹಿಂದೆ. ತೊಳೆದು ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಪೆಟ್ಟು ಹಾಕುತ್ತ ಹೋಗಿ. ಠಣ್ ಎಂದರೆ ಕಬ್ಬಿಣ ಇದೆ, ಥಪ್ ಎಂದರೆ ಒಳಗೆ ಪದರು ಎದ್ದಿದೆ ಇಲ್ಲವೇ ಹಳೆಯ ಪುಟ್ಟಿ ಇದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ತೂತು ಬಿತ್ತೆಂದರೆ ಅಷ್ಟು ಭಾಗ ಕತ್ತರಿಸಿ ಹೊಸದು ಹಾಕಬೇಕು. ಇನ್ನೊಂದು ಪರೀಕ್ಷೆ: ಮುಂದಿನ ಒಂದು ಕಡೆ ಜಾಕ್ ಎತ್ತಿದಾಗ ಆ ಬದಿಯ ಬಾಗಿಲು ಹಾಕಲು ಬಿಗಿಯಾದರೆ ಬಾಗಿಲ ಕೆಳಗಿನ ಸಿಲ್ ಕೂಡ ಸೋತಿದೆ. ಅಂಥ ಗಾಡಿಗೆ ಬರೀ ಪಟ್ಟಿ ರಿಪೇರಿ ಮಾಡಿಸಿ ಉಪಯೋಗವಿಲ್ಲ.

ಎಡಕ್ಕೆ ಎಳೆಯುವುದು ಪಟ್ಟಿಯಿಂದಲೇ ಅಂತ ಈಗಲೇ ತೀರ್ಮಾನಿಸಬೇಡಿ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಮೊದಲು ಬ್ರೇಕ್ ಪೈಪ್ ನೋಡಿಸಿ. ಕಲ್ಲು ಬಡಿದ ಗಾಡಿಯಲ್ಲಿ ಈ ಸಣ್ಣ ಕಬ್ಬಿಣದ ಕೊಳವೆ ಚಪ್ಪಟೆಯಾಗಿರುವುದು ಸಾಮಾನ್ಯ. ಅದನ್ನು ಇಕ್ಕಳದಿಂದ ದುಂಡಗೆ ಮಾಡಿಸಬೇಡಿ, ಪೈಪನ್ನೇ ಬದಲಿಸಿ. ಸದಾ ಎಳೆಯುತ್ತಿದ್ದರೆ ಲೋವರ್ ಆರ್ಮ್, ಅಂದರೆ ಮುಂದಿನ ಚಕ್ರವನ್ನು ಕೆಳಗಡೆ ಬಾಡಿಗೆ ಜೋಡಿಸುವ ತೋಳು, ಸೊಟ್ಟಗಾಗಿರಬಹುದು. ಬಿಚ್ಚಿ ಬಲಗಡೆಯದರ ಪಕ್ಕ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ. ಪಟ್ಟಿಯ ಕೆಲಸಕ್ಕಿಂತ ಬಹಳ ಅಗ್ಗ.

ಇವೆರಡೂ ಸರಿ ಇದ್ದರೆ ಅಳತೆ. ಗೌಂಡಿಗಳು ಗ್ವಾಡಿಗೆ ಬಿಡುವ ತೂಗುಗುಂಡು, ಸುಣ್ಣದ ಕಡ್ಡಿ, ಟೇಪು ಸಾಕು. ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ. ಎರಡೂ ಬದಿಯ ಲೋವರ್ ಆರ್ಮ್‌ನ ಒಳಗಿನ ಬೋಲ್ಟ್, ಹಿಂದಿನ ಆಕ್ಸಲನ್ನು ಬಾಡಿಗೆ ಹಿಡಿದಿಡುವ ಟ್ರೇಲಿಂಗ್ ಆರ್ಮ್‌ನ ಮುಂದಿನ ಬೋಲ್ಟ್, ಹೀಗೆ ನಾಲ್ಕು ಬಿಂದುಗಳಿಂದ ಗುಂಡು ಬಿಟ್ಟು ನೆಲದಲ್ಲಿ ಗುರುತು ಹಾಕಿ. ಗಾಡಿ ಸರಿಸಿ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಅಳತೆಗಳ ನಡುವೆ 3 ಮಿ.ಮೀ. ಒಳಗಿನ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ, 8-10 ಮಿ.ಮೀ. ಬಂದರೆ ಬಾಡಿ ಸೊಟ್ಟಗಾಗಿದೆ. ಸ್ಟೀರಿಂಗ್ ನೇರ ಇಟ್ಟು ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೂ ಅಳೆಯಿರಿ. 800ಕ್ಕೆ ಇದು 2175 ಮಿ.ಮೀ., ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆ ಅನ್ನುವವರ ಮಾತು ಇಲ್ಲಿ ನಡೆಯುವುದಿಲ್ಲ. ಈ ಗಾಡಿಯ ಮುಂದಿನ ಚಕ್ರಗಳಲ್ಲಿ ತಿರುಗಿಸಿ ಸರಿಮಾಡಲು ಬರುವುದು ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದೇ, ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವುದು) ತಪ್ಪಿದ್ದರೆ ಅಲೈನ್‌ಮೆಂಟ್ ಯಂತ್ರ ತಪ್ಪು ತೋರಿಸಬಲ್ಲದು ಅಷ್ಟೇ.

ಎಳೆಯುವ ಕ್ರಮದಲ್ಲಿ ಒಂದು ನಿಯಮ ಇದೆ: ಕೊನೆಗೆ ಬಿದ್ದ ಪೆಟ್ಟನ್ನು ಮೊದಲು ಬಿಡಿಸಬೇಕು. ನಿಮ್ಮ ಗಾಡಿಯಲ್ಲಿ ಮೊದಲು ಜಾಕಿನ ತಗ್ಗು, ಆಮೇಲೆ ಕಲ್ಲಿನದು. ಸೀಟು, ಕಾರ್ಪೆಟ್, ಫ್ಲೋರಿಗೆ ಅಂಟಿದ ಡಾಂಬರು ಹಾಳೆ ತೆಗೆಯಬೇಕು. ಸಿಲ್ಲಿನ ಕೆಳಗಿನ ಅಂಚನ್ನು ನಾಲ್ಕು ಕಡೆ ಕ್ಲ್ಯಾಂಪ್ ಹಾಕಿ ಬಿಗಿದ ಮೇಲೆ, ತಗ್ಗಿನ ನಡುವೆ ದಪ್ಪ ಪಟ್ಟಿಯ ತುಂಡೊಂದನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ ಚೈನ್ ಸಿಕ್ಕಿಸಿ ಕೆಳಕ್ಕೆ ಎಳೆಯಬೇಕು. ಒಂದೇ ಸಲಕ್ಕೆ ಎಳೆಯಬಾರದು. ಸ್ವಲ್ಪ ಎಳೆದು, ಬಿಗಿ ಇರುವಾಗಲೇ ಸುತ್ತಲ ಸುಕ್ಕುಗಳ ಮೇಲೆ ಮರದ ತುಂಡಿಟ್ಟು ತಟ್ಟಬೇಕು, ಸಡಿಲಿಸಿ ಅಳೆಯಬೇಕು, ಮತ್ತೆ ಎಳೆಯಬೇಕು. ಪತ್ರಾ ಒಂದಿಷ್ಟು ಹಿಂದಕ್ಕೆ ಪುಟಿಯುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಎರಡು-ಮೂರು ಮಿ.ಮೀ. ಹೆಚ್ಚೇ ತರಬೇಕು. ಚೈನಿನ ಮೇಲೆ ಒಂದು ಭಾರದ ಚೀಲ ಹೊದಿಸಿರಲಿ, ಅದರ ನೇರಕ್ಕೆ ಯಾರೂ ನಿಲ್ಲಬಾರದು. ಕಂಬಕ್ಕೆ ಚೈನ್ ಕಟ್ಟಿ ಗಾಡಿಯನ್ನೇ ರಿವರ್ಸ್ ಗೇರಿನಲ್ಲಿ ಓಡಿಸಿ ಎಳೆಯುವವರಿದ್ದಾರೆ, ಅಂಥ ಕಡೆ ಗಾಡಿ ಬಿಡಬೇಡಿ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸುವುದೂ ಬೇಡ: ಸುಲಭವಾಗಿ ಬಗ್ಗುತ್ತದೆ ನಿಜ, ಆದರೆ ಮುಂದಿನ ರಸ್ತೆ ಉಬ್ಬಿಗೆ ಅಲ್ಲೇ ಮತ್ತೆ ಬಗ್ಗುತ್ತದೆ.

ಇನ್ನು ಮೇಲೆ ಪತ್ರಾ ಹಚ್ಚುವ ಮಾತು. ಜಂಗಿನ ಮೇಲೆ ಪತ್ರಾ ಹಚ್ಚಿದರೆ ಎರಡರ ನಡುವೆ ನೀರು ನಿಂತು ಒಳಗಿನಿಂದ ತಿನ್ನುತ್ತಲೇ ಇರುತ್ತದೆ, ಹೊರಗೆ ಚೆಂದ ಕಾಣುತ್ತದೆ. ಕೊಳೆತದ್ದನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ, ಉಳಿದ ಪಟ್ಟಿಯ ದಪ್ಪ ಅಳೆದು ಅಷ್ಟೇ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತರಬೇಕು: 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 16 ಗೇಜ್ ಎಂದರೆ 1.6. ಗಟ್ಟಿಯಿರಲಿ ಅಂತ 3 ಮಿ.ಮೀ. ಪಟ್ಟಿ ಹಾಕಿದರೆ ಅದರ ಪಕ್ಕದ ತೆಳು ಪತ್ರಾ ಸೀಳುತ್ತದೆ. ಹುಬ್ಬಳ್ಳಿಯಲ್ಲಿ ಶೀಟ್ ಬೆಂಡಿಂಗ್ ಮಾಡುವ ವರ್ಕ್‌ಶಾಪಿಗೆ ಹಳೆಯ ತುಂಡನ್ನೇ ಒಯ್ದು ತೋರಿಸಿದರೆ ಅದೇ ಆಕಾರಕ್ಕೆ ಮಡಚಿಕೊಡುತ್ತಾರೆ. ವೆಲ್ಡಿಂಗ್ ಸಿಓಟು ಯಂತ್ರದಲ್ಲೇ (ಇಂಗಾಲದ ಡೈಆಕ್ಸೈಡಿನ ಹೊದಿಕೆಯಲ್ಲಿ ತಂತಿ ಕರಗಿಸಿ ಬೆಸೆಯುವಂಥದ್ದು) ಆಗಲಿ, 0.8 ಮಿ.ಮೀ. ತಂತಿ. ಸಾದಾ ರಾಡ್ ವೆಲ್ಡಿಂಗ್ ಈ ಪತ್ರಾವನ್ನು ತೂತು ಮಾಡುತ್ತದೆ. ಅಂಚಿನಲ್ಲಿ ಒಂದೂವರೆ ಇಂಚಿಗೊಂದು 8 ಮಿ.ಮೀ. ತೂತು ಕೊರೆದು ಅದನ್ನು ವೆಲ್ಡಿಂಗ್‌ನಿಂದ ತುಂಬಿದರೆ ಕಂಪನಿಯ ಸ್ಪಾಟ್‌ಗೆ ಸಮ. ಒಂದೇ ಕಡೆಯಿಂದ ಸಾಲಾಗಿ ಹೊಡೆಯದೆ ಅಲ್ಲೊಂದು ಇಲ್ಲೊಂದು ಹಾಕುತ್ತ ಹೋದರೆ ಪತ್ರಾ ಸೊಟ್ಟಗಾಗುವುದಿಲ್ಲ.

ವೆಲ್ಡಿಂಗ್ ಮುಂಚೆ ಬ್ಯಾಟರಿ ಮತ್ತು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿಸಿ, ಹತ್ತಿರದ ಪೆಟ್ರೋಲ್, ಬ್ರೇಕ್ ಪೈಪ್ ಸರಿಸಿಡಿಸಿ. ಒಬ್ಬರು ಒಳಗೆ ನೀರಿನ ಬಕೆಟ್ ಇಟ್ಟುಕೊಂಡು ಕೂತಿರಲಿ, ಉಳಿದ ಡಾಂಬರು ಹಾಳೆ ಹೊತ್ತಿಕೊಳ್ಳುವುದು ಒಳಗೇ. ಚಾಸಿ ನಂಬರ್ ಕೊರೆದ ಪತ್ರಾವನ್ನಂತೂ ಯಾವ ಕಾರಣಕ್ಕೂ ಕತ್ತರಿಸಲು ಬಿಡಬೇಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಆರ್‌ಟಿಓದವರು ನೋಡುವುದು ಅದನ್ನೇ.

ಕೆಲಸ ಮುಗಿದ ಮೇಲೆ ಝಿಂಕ್ ಪ್ರೈಮರ್, ಸಂದಿ ಮುಚ್ಚುವ ಸೀಮ್ ಸೀಲರ್, ಅದು ಒಣಗಿದ ಮೇಲೆ ಅಂಡರ್‌ಬಾಡಿ ಕೋಟಿಂಗ್. ಪಟ್ಟಿಯ ತಳದಲ್ಲಿ ನೀರು ಇಳಿಯಲು ಇರುವ ತೂತುಗಳನ್ನು ಕೋಟಿಂಗ್ ಮುಚ್ಚಿರುತ್ತದೆ, ತಂತಿ ಹಾಕಿ ಬಿಡಿಸಿ. 500 ಕಿ.ಮೀ. ಓಡಿದ ಮೇಲೆ ಅದೇ ನಾಲ್ಕು ಬಿಂದುಗಳನ್ನು ಮತ್ತೆ ಅಳೆಯಿರಿ. ಪಂಕ್ಚರ್ ಅಂಗಡಿಯವರಿಗೆ ಜಾಕ್ ಹಚ್ಚುವ ಜಾಗ ನೀವೇ ತೋರಿಸಿ: ಸಿಲ್ಲಿನ ಅಂಚಿನಲ್ಲಿ ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ ಎರಡೆರಡು ಕಚ್ಚು ಇರುತ್ತವೆ, ಅವುಗಳ ನಡುವೆ.